ಬಾಖ್‌ನ ‘ವಾಖೆಟ್ ಔಫ್’, ಬಿಡಬ್ಲ್ಯುವಿ 645: ಎಡಗೈಯದೇ ಪಾಠ

ಕಲಿಯಲು ಕೂರುವ ಮೊದಲು ಬಾಖ್‌ನ 140ನೇ ಕ್ಯಾಂಟಾಟಾದ (ವಾದ್ಯಗಳೊಡನೆ ಹಾಡುವ ಗಾಯನ ಕೃತಿ) ಸ್ಕೋರ್, ಅಂದರೆ ಸ್ವರಲಿಪಿ, ತೆರೆದಿಟ್ಟುಕೊಳ್ಳಿ. 645 (ಬಿಡಬ್ಲ್ಯುವಿ ಎಂದರೆ ಬಾಖ್ ಕೃತಿಗಳ ಪಟ್ಟಿ) ಆರ್ಗನ್‌ಗೆಂದೇ ಹುಟ್ಟಿದ ಕೃತಿಯಲ್ಲ. 1731ರ ನವೆಂಬರ್ 25ರಂದು ಲೈಪ್‌ಜಿಗ್‌ನಲ್ಲಿ ಹಾಡಿಸಿದ ಆ ಕ್ಯಾಂಟಾಟಾದ ನಾಲ್ಕನೇ ಭಾಗವನ್ನೇ ಬಾಖ್ ಇಲ್ಲಿ ಆರ್ಗನ್‌ಗೆ ಇಳಿಸಿದ್ದಾನೆ. ಸುಮಾರು 1748ರಲ್ಲಿ ಪ್ರಕಾಶಕ ಶೂಬ್ಲರ್ ಅಚ್ಚು ಹಾಕಿದ ಆರು ಕೋರಲ್‌ಗಳಲ್ಲಿ (ಚರ್ಚಿನ ಸ್ತೋತ್ರದ ಮೇಲೆ ಕಟ್ಟಿದ ಕೃತಿಗಳು) ಮೊದಲನೆಯದು ಇದು. ವಯಲಿನ್, ವಿಯೋಲಾಗಳು ಒಟ್ಟಾಗಿ ನುಡಿಸುತ್ತಿದ್ದ ರಾಗ ಬಲಗೈಗೆ ಬಂತು, ಟೆನರ್ (ಎತ್ತರದ ಗಂಡು ದನಿ) ಹಾಡುತ್ತಿದ್ದ ಸ್ತೋತ್ರ ಎಡಗೈಗೆ, ಬಾಸ್ (ಅತಿ ಕೆಳಗಿನ ಎಳೆ) ಕಾಲಲ್ಲಿ ನುಡಿಸುವ ಪೆಡಲ್‌ಗೆ. ಕ್ಯಾಂಟಾಟಾದಲ್ಲಿ ಕಂಟಿನ್ಯುವೊದವರು (ಬಾಸ್ ಜೊತೆ ಹಿನ್ನೆಲೆ ನುಡಿಸುವವರು) ಬಾಸ್ ಮೇಲೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳನ್ನು, ತುಂಬುತ್ತಿದ್ದರು. ಇಲ್ಲಿ ಮೂರೇ ಎಳೆ. ತೆಳುವಾಯಿತೆಂದು ನೀವು ಕಾರ್ಡ್ ಸೇರಿಸಲು ಹೋಗಬೇಡಿ.

ಸ್ತೋತ್ರ ಫಿಲಿಪ್ ನಿಕೊಲಾಯ್‌ನದು, ಪ್ರಕಟವಾದದ್ದು 1599ರಲ್ಲಿ. ಹಿನ್ನೆಲೆ ಬೈಬಲ್‌ನ ಮತ್ತಾಯ 25ರ ಹತ್ತು ಕನ್ಯೆಯರ ಸಾಮ್ಯ (ದೃಷ್ಟಾಂತ ಕಥೆ). ಆರ್ಗನ್ ಕೃತಿಗೆ ಮೊದಲ ಚರಣದ ಹೆಸರಿದ್ದರೂ (‘ವಾಖೆಟ್ ಔಫ್’ ಎಂದರೆ ‘ಎಚ್ಚರಗೊಳ್ಳಿ’) ಕ್ಯಾಂಟಾಟಾದಲ್ಲಿ ಈ ಸಂಗೀತಕ್ಕಿದ್ದದ್ದು ಎರಡನೇ ಚರಣ: ಕಾವಲುಗಾರರ ಹಾಡು ಚೀಯೋನಿನ (ಹೆಣ್ಣಾಗಿ ಕಲ್ಪಿಸಿದ ಜೆರುಸಲೇಮ್) ಕಿವಿಗೆ ಬೀಳುತ್ತದೆ, ಎದೆ ಸಂತೋಷದಿಂದ ಕುಣಿಯುತ್ತದೆ, ಅವಳು ತಟ್ಟನೆ ಎದ್ದು ನಿಲ್ಲುತ್ತಾಳೆ. ಎಳೆದೆಳೆದು ನುಡಿಸುವವರು ಈ ಸಾಲುಗಳನ್ನು ಓದಿಲ್ಲವೆಂದೇ ಅನ್ನಿಸುತ್ತದೆ. ನಿಮಿಷಕ್ಕೆ 66ರಿಂದ 76 ಕ್ವಾರ್ಟರ್ ನೋಟುಗಳ ಗತಿ ಹಿತ.

ಮೊದಲ 12 ಬಾರ್‌ಗಳಲ್ಲಿ (ತಾಳದ ಆವರ್ತಗಳಂಥವು) ಎಡಗೈಗೆ ಕೆಲಸವಿಲ್ಲ. 13ರಲ್ಲಿ ಅದು ಈ ಫ್ಲ್ಯಾಟ್, ಜಿ, ಬಿ ಫ್ಲ್ಯಾಟ್ ಎಂದು, ನಮ್ಮ ಲೆಕ್ಕದಲ್ಲಿ ಸ-ಗ-ಪ, ಏರುತ್ತ ಬರುತ್ತದೆ. ಎಡವುವುದು ಇಲ್ಲೇ. ಸ್ತೋತ್ರ ಬಂತೆಂದು ಬಲಗೈಯ ರಾಗ ದಾರಿ ಬಿಡುವುದಿಲ್ಲ, ಎರಡರ ಉಸಿರೂ ಒಂದೇ ಕಡೆ ನಿಲ್ಲುವುದಿಲ್ಲ. ಎಡಗೈಗೆ ಸಾಲು ಮುಗಿದಾಗ ಬಲಗೈಯೂ ಸಡಿಲವಾಗುತ್ತದೆ. ಪೆಡಲ್ ಎತ್ತಿದಾಗ ಎಡಗೈಯೂ ಎದ್ದುಬಿಡುತ್ತದೆ. ಬಾಸನ್ನು ಎಡಗೈಯಲ್ಲೇ ನುಡಿಸಿ ಬೆಳೆದ ಪಿಯಾನೊದವರಿಗೆ ಈ ಎರಡನೆಯದು ಹೆಚ್ಚು ಕಾಡುತ್ತದೆ.

ಆದ್ದರಿಂದ ಮೊದಲು ಪೆಡಲ್ ಮಾತ್ರ ನುಡಿಸುತ್ತ ಸ್ತೋತ್ರವನ್ನು ಬಾಯಲ್ಲಿ ಹಾಡಿ. ಆಮೇಲೆ ಎಡಗೈ ಮತ್ತು ಪೆಡಲ್, 50ರ ಗತಿಯಲ್ಲಿ. ಇದೇ ಅತಿ ಕಷ್ಟದ ಜೋಡಿ, ಬೇಗ ಮುಗಿಸಬೇಡಿ. ಎರಡು ಕೈ ಕೂಡಿಸಿ ನೋಡಿದ ಮೇಲೆ ನಾಲ್ಕು ನಾಲ್ಕು ಬಾರ್‌ಗಳಂತೆ ಮೂರನ್ನೂ ಸೇರಿಸಿ.

ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆ ನಿಗಾ ಇರಲಿ. ಕೀ ಒತ್ತಿರುವಷ್ಟು ಹೊತ್ತೂ ಆರ್ಗನ್ ನಾದ ಕುಗ್ಗುವುದಿಲ್ಲ. ಸಾಲಾಗಿ ಬರುವ ಬಿ ಫ್ಲ್ಯಾಟ್‌ಗಳ ನಡುವೆ ಬೆರಳು ಸ್ಪಷ್ಟವಾಗಿ ಏಳದಿದ್ದರೆ ಅವೆಲ್ಲ ಒಂದೇ ಉದ್ದನೆಯ ಶ್ರುತಿಯಂತೆ ಕೇಳುತ್ತವೆ. ದನಿ ಮೊಳಗುವ ಚರ್ಚಿನಲ್ಲಿ ಈ ಬಿಡುವು ಇನ್ನೂ ಹೆಚ್ಚು ಬೇಕು.

ಸ್ಟಾಪ್‌ಗಳು, ಅಂದರೆ ದನಿಯ ಬಗೆ ಆರಿಸುವ ಗುಂಡಿಗಳು (8 ಅಡಿಯದು ಬರೆದ ಸ್ಥಾಯಿಯಲ್ಲೇ ನುಡಿಯುತ್ತದೆ, 4 ಒಂದು ಸ್ಥಾಯಿ ಮೇಲೆ, 16 ಒಂದು ಸ್ಥಾಯಿ ಕೆಳಗೆ): ಎಡಗೈಗೆ 8 ಅಡಿಯ ಟ್ರಂಪೆಟ್, ಅದು ಕಿವಿಗೆ ಹೊಡೆಯುವಂತಿದ್ದರೆ 8 ಅಡಿಯ ಪ್ರಿನ್ಸಿಪಲ್ (ಆರ್ಗನ್‌ನ ಮೂಲ ದನಿ). ಬಲಗೈಗೆ ಬೇರೆ ಮ್ಯಾನ್ಯುಯಲ್‌ನಲ್ಲಿ (ಕೈಯಿಂದ ನುಡಿಸುವ ಕೀಲಿಸಾಲು) 8 ಮತ್ತು 4 ಅಡಿಯ ಫ್ಲೂಟ್. ಪೆಡಲ್‌ಗೆ 16ರ ಜೊತೆ 8 ಇರಲೇಬೇಕು; 16 ಒಂದೇ ಆದರೆ ಗುಂಯ್ ಅನ್ನುತ್ತದೆ, ಸ್ವರ ತಿಳಿಯದು. ಎಡಗೈಯ ಮ್ಯಾನ್ಯುಯಲ್‌ಗೂ ಪೆಡಲ್‌ಗೂ ಇರುವ ಕಪ್ಲರ್ (ಎರಡನ್ನೂ ಒಟ್ಟಿಗೆ ನುಡಿಸುವ ಜೋಡಣೆ) ಬಿಟ್ಟಿದೆಯೇ, ಜೋಡಿಸಿಲ್ಲವೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಬಾಸೂ ಟ್ರಂಪೆಟ್ ಊದುತ್ತದೆ.