ಪಿಪಿಒ: ಬದನೆಕಾಯಿಯನ್ನು ಕಪ್ಪಾಗಿಸುವ ಎಂಜೈಮ್

ಬದನೆಕಾಯಿ ಹೆಚ್ಚಿದರೆ ನೀರಿಗೆ ಹಾಕಬೇಕು, ಬಾಳೆದಿಂಡು ಹೆಚ್ಚಿದರೆ ಮಜ್ಜಿಗೆ ನೀರಿಗೆ. ಇಲ್ಲದಿದ್ದರೆ ಕಪ್ಪಾಗುತ್ತದೆ. ಅಡುಗೆ ಮಾಡುವ ಯಾರಿಗಾದರೂ ಇದು ಗೊತ್ತಿರುವುದೇ, ಅಲ್ವಾ? ಹೀಗೆ ಕಪ್ಪಾಗಿಸುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಎಂಜೈಮ್. ಚಿಕ್ಕದಾಗಿ ಪಿಪಿಒ. ಗಿಡ ಇದನ್ನು ಸುಮ್ನೆ ಇಟ್ಟುಕೊಂಡಿಲ್ಲ. ಹುಳ ಕಚ್ಚಿದಾಗ, ರೋಗ ತಗುಲಿದಾಗ ಬಳಸಲು ಇಟ್ಟುಕೊಂಡಿರುವ ಆಯುಧ ಇದು.

ಪಿಪಿಒ ಎರಡು ತಾಮ್ರದ ಪರಮಾಣುಗಳನ್ನು ಹಿಡಿದುಕೊಂಡಿರುವ ಪ್ರೋಟೀನ್. ಜೀವಕೋಶದಲ್ಲಿ ಇದರ ಜಾಗ ಪ್ಲಾಸ್ಟಿಡ್ ಎಂಬ ಪುಟ್ಟ ಚೀಲಗಳು, ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಪ್ಲಾಸ್ಟ್‌ನಂಥವು. ಇದು ಬದಲಾಯಿಸುವ ಫಿನಾಲ್ ಎಂಬ ರಾಸಾಯನಿಕಗಳು ಇರುವುದು ವ್ಯಾಕ್ಯೂಲ್ ಎಂಬ ಬೇರೆಯೇ ಚೀಲದಲ್ಲಿ. ಬದನೆಯಲ್ಲಿ ಮುಖ್ಯವಾದ ಫಿನಾಲ್ ಕ್ಲೋರೋಜೆನಿಕ್ ಆಮ್ಲ. ಅರಾಲ್ಡೈಟ್ ಅಂಟಿನ ಎರಡು ಟ್ಯೂಬ್‌ಗಳ ಹಾಗೆ, ಬೇರೆಬೇರೆ ಇರುವವರೆಗೆ ಏನೂ ಆಗುವುದಿಲ್ಲ. ಚಾಕುವೋ ಹುಳದ ಬಾಯಿಯೋ ಕೋಶವನ್ನು ಒಡೆದಾಗ ಎರಡೂ ಬೆರೆಯುತ್ತವೆ. ಜೊತೆಗೆ ಗಾಳಿಯ ಆಮ್ಲಜನಕ ಸಿಕ್ಕರೆ ಫಿನಾಲ್‌ಗಳು ಕ್ವಿನೋನ್‌ಗಳಾಗುತ್ತವೆ. ಕ್ವಿನೋನ್‌ಗಳು ಒಂದಕ್ಕೊಂದು ಕೂಡಿಕೊಂಡು ಕಂದು ಬಣ್ಣ ಬರುತ್ತದೆ. ನೀರಿನಲ್ಲಿ ಮುಳುಗಿಸಿದರೆ ಗಾಳಿ ಅಷ್ಟಾಗಿ ತಾಗುವುದಿಲ್ಲ, ಮಜ್ಜಿಗೆಯ ಹುಳಿಗೆ ಎಂಜೈಮ್ ಮಂಕಾಗುತ್ತದೆ, ಕುದಿಸಿದರೆ ಅದರ ಕಥೆ ಮುಗಿದಂತೆ. ಆದರೆ ಚಹಾ ಎಲೆಯಲ್ಲಿ ನಮಗೆ ಈ ಕಪ್ಪು ಬೇಕು. ಎಲೆಯನ್ನು ಹಿಸುಕಿ ಪಿಪಿಒಗೆ ಕೆಲಸ ಮಾಡಲು ಬಿಟ್ಟರೆ ಕಪ್ಪು ಚಹಾ, ಮೊದಲೇ ಬಿಸಿ ಮಾಡಿ ಎಂಜೈಮನ್ನು ಕೆಡಿಸಿದರೆ ಗ್ರೀನ್ ಟೀ.

ಕ್ವಿನೋನ್‌ಗಳು ಪ್ರೋಟೀನ್‌ಗೂ ಅಂಟಿಕೊಳ್ಳುತ್ತವೆ. ಹಾಗಾದಾಗ ಎಲೆ ತಿನ್ನುವ ಹುಳಕ್ಕೆ ಹೊಟ್ಟೆ ತುಂಬಿದರೂ ಪೋಷಣೆ ಕಮ್ಮಿ. ಕೆಲವು ಕಾಡು ಆಲೂಗಡ್ಡೆ ಜಾತಿಗಳಲ್ಲಿ ಎಲೆಯ ಮೇಲಿನ ಸಣ್ಣ ಕೂದಲುಗಳ ತುದಿಯಲ್ಲೇ ಪಿಪಿಒ ತುಂಬಿರುತ್ತದೆ. ಸಸ್ಯಹೇನಿನ ಕಾಲು ತಾಗಿ ಆ ತುದಿ ಒಡೆದರೆ ರಸ ಕಪ್ಪಾಗಿ ಗಟ್ಟಿಯಾಗುತ್ತದೆ, ಹೇನು ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಜೀನ್‌ಗಳ ವಿಷಯ. ನನಗೆ ಇಡೀ ವಿಷಯದಲ್ಲಿ ಜಾಸ್ತಿ ಸ್ವಾರಸ್ಯ ಕಾಣುವುದು ಇಲ್ಲೇ. ಟೊಮೆಟೊದಲ್ಲಿ ಪಿಪಿಒ ಮಾಡುವ ಜೀನ್ ಒಂದಲ್ಲ, ಏಳು. ಏಳೂ 8ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ. ಆದರೆ ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಕೆಲವು ಚಿಗುರೆಲೆಯಲ್ಲಿ, ಕೆಲವು ಹೂವಿನಲ್ಲಿ ಚುರುಕು. ಇವು ಗಿಡದ ವಯಸ್ಸು ನೋಡಿಕೊಂಡು ನಡೆಯುವಂಥವು, ಹುಳ ಬರಲಿ ಬಿಡಲಿ. ಎಲೆ ಬಲಿಯುತ್ತಿದ್ದಂತೆ ಜೀನ್ ಸುಮ್ಮನಾಗುತ್ತದೆ. ಅಷ್ಟರಲ್ಲಿ ತಯಾರಾದ ಎಂಜೈಮ್ ಮಾತ್ರ ಬೇಗ ಹಾಳಾಗದೆ ಉಳಿದಿರುತ್ತದೆ. ಹಾಗಾಗಿ ಬಲಿತ ಎಲೆಯಲ್ಲಿ ಜೀನ್ ಕೆಲಸ ಮಾಡುತ್ತಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಪಿಪಿಒ ಇಲ್ಲ ಎನ್ನುವ ಹಾಗಿಲ್ಲ.

ಟೊಮೆಟೊದ ಪಿಪಿಒ-ಎಫ್ ಎಂಬ ಜೀನ್ ಗಾಯಕ್ಕೆ ಎದ್ದೇಳುವಂಥದ್ದು. ಕೆಳಗಿನ ಎಲೆಗೆ ಗಾಯವಾದರೆ ಮೇಲಿನ ಎಳೆಯ ಎಲೆಯಲ್ಲೂ ಪಿಪಿಒ ಹೆಚ್ಚುತ್ತದೆ, ಅದಕ್ಕೆ ಏನೂ ಆಗಿಲ್ಲದಿದ್ದರೂ! ಸುದ್ದಿ ಮುಟ್ಟಿಸುವುದರಲ್ಲಿ ಸಿಸ್ಟಮಿನ್ ಎಂಬ 18 ಅಮೈನೋ ಆಮ್ಲಗಳ ಪುಟ್ಟ ಸರಪಣಿಯ ಪಾತ್ರವಿದೆ. 1991ರಲ್ಲಿ ಅಮೆರಿಕದ ಕ್ಲಾರೆನ್ಸ್ ರಯಾನ್ ಅವರ ತಂಡ ಇದನ್ನು ಟೊಮೆಟೊ ಎಲೆಯಿಂದ ಬೇರ್ಪಡಿಸಿತು. ಸಿಸ್ಟಮಿನ್‌ನಿಂದ ಗಿಡದಲ್ಲಿ ಜಾಸ್ಮೋನಿಕ್ ಆಮ್ಲ ತಯಾರಾಗುತ್ತದೆ, ಅದು ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಹೆಸರಿನಲ್ಲಿರುವ ಜಾಸ್ಮಿನ್ ನಮ್ಮ ಮಲ್ಲಿಗೆಯೇ. ಈ ಆಮ್ಲದ ಹತ್ತಿರದ ಬಂಧು ಮೊದಲು ಸಿಕ್ಕಿದ್ದು ಜಾಜಿಯ ಸುಗಂಧ ತೈಲದಲ್ಲಿ.

ಬದನೆಯ ಪಿಪಿಒ ಜೀನ್‌ಗಳ ಮೇಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೇ ಕೆಲಸ ನಡೆದಿದೆ. ಅಲ್ಲಿನವರು ಆರು ಜೀನ್‌ಗಳನ್ನು ಗುರುತಿಸಿ, ಗಿಡದ ಯಾವ ಭಾಗದಲ್ಲಿ ಯಾವುದು ಚುರುಕು, ಗಾಯಕ್ಕೆ ಹೇಗೆ ಸ್ಪಂದಿಸುತ್ತದೆ ಎಂದು ನೋಡಿದರು. ಕಾಯಿಯಲ್ಲಿ ಎಂಜೈಮ್ ಜಾಸ್ತಿ ಕಂಡಿದ್ದು ಸಿಪ್ಪೆಯ ಬಳಿ ಮತ್ತು ಬೀಜಗಳ ಸುತ್ತ. ಹುಳಕ್ಕೆ ಎದುರಾಗುವ ಜಾಗ ಒಂದು, ಗಿಡ ಉಳಿಸಿಕೊಳ್ಳಲೇಬೇಕಾದ ಜಾಗ ಇನ್ನೊಂದು ಎಂದು ನಾನು ಅಂದುಕೊಳ್ಳುತ್ತೇನೆ.

ಇಷ್ಟಾದರೂ ಪಿಪಿಒ ಎಲ್ಲ ಗಿಡಗಳಿಗೂ ಬೇಕೇ ಬೇಕು ಅಂತೇನಿಲ್ಲ. ಲ್ಯಾಬುಗಳ ಅಚ್ಚುಮೆಚ್ಚಿನ ಗಿಡ ಅರಾಬಿಡಾಪ್ಸಿಸ್‌ನಲ್ಲಿ ಈ ಜೀನ್ ಒಂದೂ ಇಲ್ಲ. ಕೆನಡಾದ ಕಂಪನಿಯೊಂದು ಪಿಪಿಒ ಜೀನ್‌ಗಳನ್ನು ಅಡಗಿಸಿ, ಹೆಚ್ಚಿದರೂ ಕಂದಾಗದ ಆರ್ಕ್ಟಿಕ್ ಸೇಬನ್ನು ತಂದಿದೆ. ಅಮೆರಿಕ ಅದಕ್ಕೆ 2015ರಲ್ಲಿ ಒಪ್ಪಿಗೆ ಕೊಟ್ಟಿತು.

ಹಾಗಂತ ಎಲ್ಲ ಬೆಳೆಯಲ್ಲೂ ಈ ಜೀನ್‌ಗಳನ್ನು ಅಡಗಿಸಿಬಿಡೋಣ ಎನ್ನಲು ನನಗೆ ಧೈರ್ಯವಿಲ್ಲ. ಟೊಮೆಟೊದಲ್ಲಿ ಹಾಗೆ ಮಾಡಿ ನೋಡಿದಾಗ ಗಿಡಗಳು ಎಲೆಚುಕ್ಕೆ ತರುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಕ್ಕೆ ಹೆಚ್ಚು ಸುಲಭವಾಗಿ ಬಲಿಯಾದವು. ಆದರೆ ನೀರಿನ ಕೊರತೆಯನ್ನು ಮಾಮೂಲಿ ಗಿಡಗಳಿಗಿಂತ ಚೆನ್ನಾಗಿ ತಾಳಿಕೊಂಡವು.