ನೆಲ್ಲಿಕಾಯಿಯ ಒಗರು ಲೆಕ್ಕಕ್ಕೆ ಬಂದದ್ದು ಹೇಗೆ

ಉತ್ಥಾನ ದ್ವಾದಶಿ ಬಂತೆಂದರೆ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ತುಳಸಿ ಕಟ್ಟೆಗೆಂದು ಕಾಯಿ ಸಮೇತ ನೆಲ್ಲಿ ಕೊಂಬೆಗಳು ಮಾರಾಟಕ್ಕೆ ಬರುತ್ತವೆ. ಒಂದು ಕಾಯಿ ಕಚ್ಚಿ ನೋಡಿ: ಮೊದಲು ಹುಳಿ, ಹಿಂದೆಯೇ ನಾಲಿಗೆ ಹಿಡಿಯುವ ಒಗರು. ಹೊಗಳಿಕೆಯೆಲ್ಲ ಸಿ ವಿಟಮಿನ್ನಿಗೆ ಹೋಯಿತು. ಒಗರನ್ನು, ಅಂದರೆ ಟ್ಯಾನಿನ್ನನ್ನು, ಬಹುಕಾಲ ಯಾರೂ ಅಷ್ಟಾಗಿ ವಿಚಾರಿಸಲಿಲ್ಲ.

ಹಳೆಯ ಪೋಷಕಾಂಶ ಪಟ್ಟಿಗಳಲ್ಲಿ 100 ಗ್ರಾಂ ನೆಲ್ಲಿಗೆ 600 ಮಿ.ಗ್ರಾಂ ಸಿ ವಿಟಮಿನ್ ಎಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ಅದು 252. ತಳಿ, ಕಾಯಿಯ ಬಲಿತ ಹಂತ ಎಲ್ಲವೂ ಲೆಕ್ಕವನ್ನು ಏರುಪೇರು ಮಾಡುತ್ತವೆ, ನಿಜ. ಆದರೆ ಅಳೆಯುವ ವಿಧಾನದಲ್ಲೇ ಒಂದು ತೊಡಕಿದೆ. ಕಾಲೇಜು ಲ್ಯಾಬುಗಳಲ್ಲಿ ಇಂದಿಗೂ ಮಾಡುವ ಟೈಟ್ರೇಷನ್ ನೋಡಿ. ರಸವನ್ನು 4% ಆಕ್ಸಾಲಿಕ್ ಆಮ್ಲದಲ್ಲಿ ಬೆರೆಸಿ, ನೀಲಿ ಇಂಡೋಫೀನಾಲ್ ಬಣ್ಣವನ್ನು ಹನಿಹನಿಯಾಗಿ ಬಿಡುತ್ತಾರೆ. ಬಿದ್ದ ಬಣ್ಣವನ್ನು ಸಿ ವಿಟಮಿನ್ ಅಳಿಸುತ್ತ ಹೋಗುತ್ತದೆ. ಅದು ಮುಗಿದಾಗ ತಿಳಿ ಗುಲಾಬಿ ನಿಲ್ಲುತ್ತದೆ. ಆದರೆ ಬಣ್ಣ ಅಳಿಸುವ ಕೆಲಸ ಸಿ ವಿಟಮಿನ್ ಒಂದರದ್ದೇ ಅಲ್ಲ. ಅಪಕರ್ಷಣ ಗುಣವಿರುವ, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಡಬಲ್ಲ, ಟ್ಯಾನಿನ್‌ನಂಥ ಬೇರೆ ಪದಾರ್ಥಗಳೂ ಅಳಿಸಬಲ್ಲವು, ಅವೂ ಅದರ ಖಾತೆಗೇ ಜಮಾ ಆಗುತ್ತವೆ.

1996ರಲ್ಲಿ ಸಂಶೋಧಕ ಘೋಸಾಲ್ ಮತ್ತು ಸಂಗಡಿಗರು ನೆಲ್ಲಿಯ ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಶಕ್ತಿಗೆ ಎಂಬ್ಲಿಕಾನಿನ್ ಎ, ಬಿ ಎಂಬ ಎರಡು ಟ್ಯಾನಿನ್‌ಗಳೇ ಕಾರಣ ಎಂದರು. 2006ರ ಇನ್ನೊಂದು ಅಧ್ಯಯನ ಅದರಲ್ಲಿ 45ರಿಂದ 70% ಪಾಲನ್ನು ಸಿ ವಿಟಮಿನ್ನಿಗೇ ಮರಳಿಸಿತು. 2009ರಲ್ಲಿ ಬೆಂಗಳೂರಿನ ಸಾಮಿ ಲ್ಯಾಬ್ಸ್ ತಂಡ, ಎಂಬ್ಲಿಕಾನಿನ್ ಎಂದು ಕರೆದದ್ದು ನಿಜವಾಗಿ ಮ್ಯೂಸಿಕ್ ಆಮ್ಲದ ಗ್ಯಾಲೇಟ್‌ಗಳು ಮತ್ತು ಬೀಟಾ-ಗ್ಲೂಕೋಗ್ಯಾಲಿನ್ ಎಂಬ ಬೇರೆ ಸಂಯುಕ್ತಗಳು ಎಂದು ವಾದಿಸಿತು. (ನೆಲ್ಲಿಸಾರ ಮಾರುವ ಕಂಪನಿಯ ಮಾತು ಎಂಬುದು ನೆನಪಿರಲಿ.)

ಜಗಳ ಏನೇ ಇರಲಿ, 252ರ ಲೆಕ್ಕ ಹಿಡಿದರೂ 35 ಗ್ರಾಂ ತಿರುಳಿನ ಒಂದೇ ಹಸಿ ಕಾಯಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಗಂಡಸಿಗೆ ಹೇಳುವ ದಿನದ 80 ಮಿ.ಗ್ರಾಂ ತುಂಬಿಸುತ್ತದೆ. ಬೇಯಿಸಿದರೆ, ಬಿಸಿಲಲ್ಲಿ ಒಣಗಿಸಿದರೆ ಸಿ ವಿಟಮಿನ್ ಇಳಿಯುತ್ತದೆ. ನೆಲ್ಲಿಚಟ್ಟಿನಲ್ಲಿ ಉಳಿಯುವುದು ಹೆಚ್ಚಾಗಿ ಒಗರಿನ ಬಳಗ. ಹಾಗಾಗಿ ತಂಬುಳಿಗೆ ಹಸಿ ಕಾಯಿಯೇ ಆಗಲಿ: ಎರಡು ಕಾಯಿಯ ತಿರುಳು, ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸು, ಹಿಡಿ ತೆಂಗಿನ ತುರಿ ರುಬ್ಬಿ, ಮಜ್ಜಿಗೆ ಸೇರಿಸಿ, ಕುದಿಸಬೇಡಿ. ಹೆಚ್ಚಲು ಸ್ಟೀಲ್ ಚಾಕು ಹಿಡಿಯಿರಿ. ಕಬ್ಬಿಣದ ಈಳಿಗೆಮಣೆಯಾದರೆ ಟ್ಯಾನಿನ್ ಕಬ್ಬಿಣಕ್ಕೆ ಅಂಟಿಕೊಂಡು ಹೋಳೂ ಅಲಗೂ ಶಾಯಿ ಚೆಲ್ಲಿದ ಹಾಗೆ ಕಪ್ಪಾಗುತ್ತವೆ.