ಗಡಿಯಾರ ಯಾರ ಕೈಲಿರಬೇಕು?

ಡಿಜಿಟಲ್ ಅಂದ ಮೇಲೆ ಸೊನ್ನೆ, ಒಂದು ಅಷ್ಟೇ ತಾನೆ, ಕೆಡೋಕೆ ಏನಿದೆ? ಮೈಸೂರಿನಲ್ಲಿ ಸಂಗೀತದ ಹುಚ್ಚಿನವರು ಸೇರಿದರೆ ಒಬ್ಬರಾದರೂ ಹೀಗನ್ನುತ್ತಾರೆ. ಇನ್ನೊಬ್ಬರು ಚಿನ್ನದ ಲೇಪದ ಕೇಬಲ್ ಹಾಕಿದರೆ ವೀಣೆಗೆ ಜೀವ ಬರುತ್ತದೆ ಅನ್ನುತ್ತಾರೆ. ಚಿನ್ನಕ್ಕೆ ಕಿಲುಬು ಹಿಡಿಯೋದಿಲ್ಲ, ನಿಜ. ಆದರೆ ವಿದ್ಯುತ್ ಹರಿಸುವುದರಲ್ಲಿ ತಾಮ್ರವೇ ಮೇಲು. ಇದಕ್ಕೆ ದುಡ್ಡು ಸುರಿಯುವುದು ಬರೀ ಮೂಢನಂಬಿಕೆ. ಮೊದಲನೆಯವರ ಮಾತೂ ಅರ್ಧ ಸತ್ಯವೇ. ಅಂಕಿ ಸರಿಯಿದ್ದರೆ ಸಾಲದು, ಸರಿಯಾದ ಹೊತ್ತಿಗೆ ಸದ್ದಾಗಬೇಕು.

ಸಿಡಿಯಲ್ಲಿ ಒಂದು ಸೆಕೆಂಡಿಗೆ ಪ್ರತಿ ಚಾನೆಲ್‌ನಲ್ಲಿ (ಎಡ, ಬಲ) 44,100 ಅಂಕಿ, ಒಂದೊಂದೂ ಆ ಕ್ಷಣದ ಸದ್ದಿನ ಅಲೆಯ ಅಳತೆ. ಅಂದರೆ ಸುಮಾರು 22.7 ಮೈಕ್ರೊಸೆಕೆಂಡಿಗೊಂದು. ಈ ಅಂತರ ಅಲುಗಾಡಿದರೆ ಅಲೆಯ ಆಕಾರವೇ ಬದಲಾಗುತ್ತದೆ. ಇದೇ ಜಿಟರ್. ಒಳ್ಳೆಯ ಸೆಟ್‌ಗಳಲ್ಲಿ ಇದು ಸಾಮಾನ್ಯವಾಗಿ ಕಿವಿಗೆ ತಿಳಿಯದಷ್ಟು ಚಿಕ್ಕದು. ಆದರೂ ಇದನ್ನು ಬೇರುಸಹಿತ ಕೀಳಲು ಹೊರಟ ಒಂದು ಯೋಚನೆ ನನಗೆ ತುಂಬ ಇಷ್ಟ.

2000ರ ಆಸುಪಾಸಿನಲ್ಲಿ ಸೋನಿ ‘ಲಿಸ್ಸಾ’ ಅನ್ನುವ ಪುಟ್ಟ ಪೆಟ್ಟಿಗೆಗಳನ್ನು ತಂದಿತು. ಸಿಡಿ ಪ್ಲೇಯರ್, ಮಿನಿಡಿಸ್ಕ್ (ಪುಟ್ಟ ತಟ್ಟೆಯಲ್ಲಿ ಹಾಡು ತುಂಬಿಕೊಳ್ಳುವ ಸಾಧನ), ರಿಸೀವರ್ (ಸದ್ದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆ). ಇವನ್ನು ಬೆಸೆದದ್ದು ಐ-ಲಿಂಕ್ ಅನ್ನುವ ತಂತಿ ಜೋಡಣೆ, ಅಂದರೆ ಆಪಲ್‌ನವರ ಫೈರ್‌ವೈರ್. ಒಂದೇ ತಂತಿಯಲ್ಲಿ ಸದ್ದೂ ಹೋಗುತ್ತದೆ, ಆಜ್ಞೆಯೂ ಹೋಗುತ್ತದೆ.

ಮಾಮೂಲಿ ಡಿಜಿಟಲ್ ತಂತಿಯಲ್ಲಿ ಪ್ಲೇಯರ್ ತನ್ನೊಳಗಿನ ಗಡಿಯಾರದ ಪ್ರಕಾರ ಅಂಕಿ ತಳ್ಳುತ್ತಾ ಹೋಗುತ್ತದೆ. ರಿಸೀವರ್ ಆ ತಾಳವನ್ನು ಊಹಿಸಿ ಹಿಂಬಾಲಿಸಬೇಕು. ಐ-ಲಿಂಕ್‌ನಲ್ಲಿ ಸೋನಿ ಇದನ್ನು ತಿರುಗಿಸಿತು. ಮಂಡ್ಯದ ಆಲೆಮನೆಯಲ್ಲಿ ಗಾಣದ ಮುಂದೆ ಕೂತವನನ್ನು ನೆನೆಸಿಕೊಳ್ಳಿ. ಕಬ್ಬು ಹೊರುವವನು ತನ್ನಿಷ್ಟದ ವೇಗದಲ್ಲಿ ತಂದು ತುರುಕಿದರೆ ಗಾಣ ಒಮ್ಮೆ ಕಟ್ಟಿಕೊಳ್ಳುತ್ತದೆ, ಒಮ್ಮೆ ಖಾಲಿ ತಿರುಗುತ್ತದೆ. ಅದರ ಬದಲು ಪಕ್ಕದಲ್ಲಿ ಒಂದು ರಾಶಿ ಇರಲಿ. ಗಾಣ ತನ್ನ ವೇಗದಲ್ಲೇ ಅರೆಯಲಿ. ರಾಶಿ ಕರಗಿದಾಗ ‘ತಗೊಂಡು ಬಾ’ ಅಂತ ಕೂಗಿದರಾಯಿತು, ಅಲ್ವಾ? ಆ ರಾಶಿಯೇ ರಿಸೀವರ್‌ನ ಬಫರ್, ಅಂದರೆ ಅಂಕಿ ಕೂಡಿಟ್ಟುಕೊಳ್ಳುವ ಜಾಗ. ಗಡಿಯಾರ ಸದ್ದು ಹೊರಬೀಳುವ ಕಡೆ, ಅಂದರೆ ರಿಸೀವರ್‌ನಲ್ಲೇ ಇರುತ್ತದೆ.

ಗ್ರಾಮಫೋನಿಗೂ ಈ ಕಾಟ ಇತ್ತು. 1940ರ ದಶಕದ ಕೊನೆಗೆ ನಮ್ಮ ಜಯಚಾಮರಾಜ ಒಡೆಯರ್ ರಷ್ಯಾದ ಸಂಗೀತಗಾರ ಮೆಟ್ನರ್‌ನ ಕೃತಿಗಳ ರೆಕಾರ್ಡಿಂಗಿಗೆ ಹಣ ಕೊಟ್ಟಿದ್ದರು. ಅಂಥ ತಟ್ಟೆಗಳಿಗೆ ತಿರುಗುವ ಮೋಟಾರೇ ಗಡಿಯಾರ. ಅದು ತಡವರಿಸಿದರೆ ಪಿಯಾನೊ ಸ್ವರ ತೇಲಾಡುತ್ತದೆ.

ಲಿಸ್ಸಾ ಬಾಳಲಿಲ್ಲ. ಎಂಪಿ3 ಬಂತು, 2001ರಲ್ಲಿ ಐಪಾಡ್ ಬಂತು. ಪೆಟ್ಟಿಗೆ ಜೋಡಿಸುವ ಉಮೇದು ಜನರಲ್ಲಿ ಕಡಿಮೆಯಾಯಿತು. ಆದರೆ ಅದೇ ಉಪಾಯ ಇವತ್ತಿನ ‘ಅಸಿಂಕ್ರೊನಸ್’ ಯುಎಸ್‌ಬಿ ಡ್ಯಾಕ್‌ಗಳಲ್ಲಿದೆ. ಡ್ಯಾಕ್ ಅಂದರೆ ಅಂಕಿಯನ್ನು ಮತ್ತೆ ಸದ್ದಿನ ಅಲೆ ಮಾಡುವ ಸಾಧನ. ಅಲ್ಲಿ ಡ್ಯಾಕ್ ಹೇಳಿದ ವೇಗದಲ್ಲಿ ಕಂಪ್ಯೂಟರ್ ಅಂಕಿ ಕಳಿಸುತ್ತದೆ. ಕೊಳ್ಳುವಾಗ ಕೇಬಲ್ಲಿನ ಬಣ್ಣ ನೋಡಬೇಡಿ, ‘ಅಸಿಂಕ್ರೊನಸ್’ ಅನ್ನುವ ಪದ ಇದೆಯಾ ನೋಡಿ.